ವಿಷುವಲ್ ಸ್ಟುಡಿಯೊ 2013ರಿಂದ 2022ಕ್ಕೆ: 23 ಪ್ರಾಜೆಕ್ಟ್‌ಗಳ ಒಂದು ಪ್ರಕರಣ

ಒಂದು ಬೆಳಿಗ್ಗೆ ಬಂದು ನೋಡಿದರೆ, ಕೋಡನ್ನು ಪ್ರೋಗ್ರಾಂ ಆಗಿ ಕಟ್ಟುವ (ಬಿಲ್ಡ್ ಮಾಡುವ) ಸರ್ವರ್ ಪೂರ್ತಿ ಕೆಂಪು, ಒಂದು ಬಿಲ್ಡೂ ಆಗಿಲ್ಲ. 23 ಪ್ರಾಜೆಕ್ಟ್‌ಗಳಿಗೂ ಒಂದೇ ದೂರು: ವಿ143 ಎಂಬ ಬಿಲ್ಡ್ ಟೂಲ್ಸ್ ಸಿಗುತ್ತಿಲ್ಲ, ಎರರ್ ಎಂಎಸ್‌ಬಿ 8020. ಹಿಂದಿನ ದಿನ ಯಾರೂ ದೊಡ್ಡ ಕೆಲಸವನ್ನೇನೂ ಮರ್ಜ್ ಮಾಡಿರಲಿಲ್ಲ. ತಂಡಕ್ಕೆ ಹೊಸದಾಗಿ ಸೇರಿದ್ದವರೊಬ್ಬರು ಒಂದು ಸಣ್ಣ ದೋಷ ಸರಿಪಡಿಸಿ ಕಮಿಟ್ ಮಾಡಿದ್ದರು (ತಂಡದ ಕೋಡ್‌ಗೆ ಸೇರಿಸಿದ್ದರು), ಅಷ್ಟೇ.

“ಸರ್, ನಾನು ಮುಟ್ಟಿದ್ದು ಒಂದೇ ಫೈಲು. ಪ್ರಾಜೆಕ್ಟ್ ಓಪನ್ ಮಾಡಿದಾಗ ಅದೇನೋ ಅಪ್‌ಗ್ರೇಡ್ ಮಾಡಲಾ ಅಂತ ಕೇಳ್ತು, ಓಕೆ ಕೊಟ್ಟೆ,” ಎಂದರು ಅವರು.

ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಕಮಿಟ್ ತೆರೆದು ನೋಡಿದೆ. ಅವರು ಬರೆದ ಕೋಡ್ ನಾಲ್ಕು ಸಾಲು. ಅದರ ಜೊತೆಗೆ 23 ಪ್ರಾಜೆಕ್ಟ್ ಫೈಲ್‌ಗಳಲ್ಲಿ, ದೋಷ ಹುಡುಕಲು ಕಟ್ಟುವ ಡೀಬಗ್ ರೂಪಕ್ಕೊಂದು, ಗ್ರಾಹಕರಿಗೆ ಕಟ್ಟುವ ರಿಲೀಸ್ ರೂಪಕ್ಕೊಂದರಂತೆ, 46 ಕಡೆ ‘ಪ್ಲಾಟ್‌ಫಾರ್ಮ್ ಟೂಲ್‌ಸೆಟ್’ ಎಂಬ ಸಾಲಿನಲ್ಲಿ ವಿ120 ಇದ್ದದ್ದು ವಿ143 ಆಗಿತ್ತು. ಆ ಒಂದು ಓಕೆಯಿಂದ ಶುರುವಾದದ್ದು ಏಳು ತಿಂಗಳ ಕೆಲಸ: ನಮ್ಮ ಪ್ರಾಜೆಕ್ಟ್‌ಗಳನ್ನು, ಮೈಕ್ರೋಸಾಫ್ಟ್‌ನ ಪ್ರೋಗ್ರಾಂ ಬರೆಯುವ ಸಾಧನವಾದ ವಿಷುವಲ್ ಸ್ಟುಡಿಯೊದ 2013ರ ಆವೃತ್ತಿಯಿಂದ 2022ಕ್ಕೆ ಒಯ್ಯುವುದು. ಇಂಥದ್ದೇ ದಾರಿಯಲ್ಲಿ ಹೊರಟಿರುವ ಬೇರೆ ತಂಡಗಳಿಗೆ ನೆರವಾಗಲೆಂದು ಅದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ತಂಡ, ಉತ್ಪನ್ನ, ಉಪಕರಣ ತಯಾರಕರು, ಯಾರ ಗುರುತೂ ಇಲ್ಲಿಲ್ಲ. ಆವೃತ್ತಿಗಳು ಮತ್ತು ಎರರ್‌ಗಳನ್ನು ಮಾತ್ರ ಇದ್ದ ಹಾಗೆಯೇ ಕೊಟ್ಟಿದ್ದೇನೆ.

ಹಿನ್ನೆಲೆ

ನಮ್ಮದು ಆರು ಜನರ ತಂಡ. ಬಿಲ್ಡ್ ಮತ್ತು ಬಿಡುಗಡೆಯ ಹೊಣೆ ನನ್ನದು. ಉತ್ಪನ್ನ ಒಂದು ಡೆಸ್ಕ್‌ಟಾಪ್ ಸಾಫ್ಟ್‌ವೇರ್: ಅಳತೆಯ ಉಪಕರಣವೊಂದರಿಂದ ಕೇಬಲ್ ಮೂಲಕ ರೀಡಿಂಗ್ ಓದುತ್ತದೆ, ಗ್ರಾಫ್ ತೋರಿಸುತ್ತದೆ, ಪಠ್ಯ ಫೈಲ್‌ಗೆ ಬರೆದಿಡುತ್ತದೆ. ಪೂರ್ತಿ ಸಿ++, 32 ಬಿಟ್. ಬರೆದದ್ದು ವಿಷುವಲ್ ಸ್ಟುಡಿಯೊ 2013ರಲ್ಲಿ. ಉಪಕರಣದ ಜೊತೆ ಮಾತಾಡಲು ತಯಾರಕರು ಕೊಟ್ಟ ಒಂದು ಸ್ಟ್ಯಾಟಿಕ್ ಲೈಬ್ರರಿ (ನಮ್ಮ ಪ್ರೋಗ್ರಾಂನೊಳಗೇ ಸೇರಿಹೋಗುವ ಸಿದ್ಧ ಕೋಡ್) ಇತ್ತು. ಅದು ಸಿ ಭಾಷೆಯದು, 2013ರ ಕಂಪೈಲರ್‌ನಲ್ಲಿ (ಕೋಡನ್ನು ಯಂತ್ರಭಾಷೆಗೆ ತಿರುಗಿಸುವ ಪ್ರೋಗ್ರಾಂ) ಕಟ್ಟಿದ್ದು, ಸೋರ್ಸ್, ಅಂದರೆ ಮೂಲ ಕೋಡ್, ನಮ್ಮ ಕೈಯಲ್ಲಿಲ್ಲ. ಆ ಮಾದರಿಯ ಉಪಕರಣ ತಯಾರಾಗುವುದು ನಿಂತು ವರ್ಷಗಳಾಗಿವೆ, ಆದರೆ ಬಳಸುವವರು ಇನ್ನೂ ಇದ್ದಾರೆ.

2013ರ ಆವೃತ್ತಿಗೆ ಬೆಂಬಲ 2024ರ ಏಪ್ರಿಲ್ 9ಕ್ಕೆ ಮುಗಿಯುತ್ತದೆ ಎಂಬುದು ನಮಗೆಲ್ಲ ಗೊತ್ತಿತ್ತು. ನಾನು ಹೇಳುತ್ತಿರುವ ಬೆಳಿಗ್ಗೆ 2023ರದ್ದು. ‘ಮುಂದಿನ ಬಿಡುಗಡೆ ಆಗಲಿ, ಆಮೇಲೆ ನೋಡೋಣ’ ಎಂದು ಎರಡು ಸಲ ಮುಂದೂಡಿದ್ದೆವು. ಹೊಸ ಲ್ಯಾಪ್‌ಟಾಪ್‌ಗಳು ಮಾತ್ರ 2022ರ ಆವೃತ್ತಿಯೊಂದಿಗೇ ಬರುತ್ತಿದ್ದವು. ಹಾಗಾಗಿ ಆ ಓಕೆಯನ್ನು ಇಂದಲ್ಲ ನಾಳೆ ಯಾರಾದರೂ ಒತ್ತಿಯೇ ಒತ್ತುತ್ತಿದ್ದರು. ಹೊಸಬರ ಮೇಲೆ ತಪ್ಪು ಹೊರಿಸದೆ ಇದ್ದದ್ದು ಈ ಇಡೀ ಪ್ರಕರಣದಲ್ಲಿ ನಾವು ಮೊದಲು ಮಾಡಿದ ಒಳ್ಳೆಯ ಕೆಲಸ. ಆಮೇಲೆ ಅತಿ ಹೆಚ್ಚು ವಿಷಯ ಪತ್ತೆ ಮಾಡಿದವರೂ ಅವರೇ.

ತೊಡಕು ಇದ್ದದ್ದೆಲ್ಲಿ

ಅಂದಿನ ಸಭೆಯಲ್ಲಿ ಎರಡು ಪಕ್ಷಗಳಾದವು. ಎಲ್ಲರೂ 2022ಕ್ಕೆ ಹೋಗಿಬಿಡೋಣ ಎಂದು ಒಂದು ಪಕ್ಷ. 2022 ಇರುವವರು ಅದನ್ನು ತೆಗೆದು 2013 ಹಾಕಿಕೊಳ್ಳಲಿ ಎಂದು ಇನ್ನೊಂದು. 2022 ಸ್ವತಃ 64 ಬಿಟ್ ಪ್ರೋಗ್ರಾಂ ಆಗಿರುವುದರಿಂದ ಅದರಲ್ಲಿ 32 ಬಿಟ್ ಸಾಫ್ಟ್‌ವೇರ್ ಕಟ್ಟಲು ಬರುವುದಿಲ್ಲ ಎಂಬ ತಪ್ಪು ತಿಳಿವಳಿಕೆಯೂ ನಡುವೆ ಬಂತು. ಸಂಪಾದಕ (ಕೋಡ್ ಬರೆಯುವ ಎಡಿಟರ್) 64 ಬಿಟ್ ಆದ ಮಾತ್ರಕ್ಕೆ ಅದು ಕಟ್ಟುವ ಪ್ರೋಗ್ರಾಂ 64 ಬಿಟ್ ಆಗಬೇಕಿಲ್ಲ. 32 ಬಿಟ್ ಆರಾಮಾಗಿ ಕಟ್ಟಬಹುದು.

ಒಂದು ಗಂಟೆ ವಾದ ಮಾಡಿದ ಮೇಲೆ ಗೊತ್ತಾಯಿತು, ನಾವು ‘ವಿಷುವಲ್ ಸ್ಟುಡಿಯೊ’ ಎಂಬ ಒಂದೇ ಹೆಸರಿನಡಿ ಬೇರೆಬೇರೆ ವಸ್ತುಗಳ ಬಗ್ಗೆ ಮಾತಾಡುತ್ತಿದ್ದೆವು. ಎಲ್ಲ ಪ್ರಾಜೆಕ್ಟ್‌ಗಳ ಪಟ್ಟಿ ಇರುವ ಸಲ್ಯೂಷನ್ ಫೈಲ್ ಒಂದು. ಅದರ ಮೊದಲ ಸಾಲಿನಲ್ಲಿ ‘ಫಾರ್ಮ್ಯಾಟ್ ವರ್ಷನ್ 12.00’ ಎಂದಿರುತ್ತದೆ. 2012ರ ಆವೃತ್ತಿಯಿಂದ 2022ರವರೆಗೂ ಅದೇ ಸಂಖ್ಯೆ, ಹಾಗಾಗಿ ಎರಡೂ ಆವೃತ್ತಿಗಳಲ್ಲಿ ಅದು ತೆರೆಯುತ್ತದೆ. ಅದರೊಳಗಿನ ‘ಕನಿಷ್ಠ ಆವೃತ್ತಿ’ಯ ಸಾಲಿನಲ್ಲಿ 10.0.40219.1 ಎಂಬ ಸಂಖ್ಯೆಯನ್ನು ನೀವೂ ನೋಡಿರುತ್ತೀರಿ. ಅದು 2010ರ ಮೊದಲ ಸರ್ವಿಸ್ ಪ್ಯಾಕ್‌ನ ಸಂಖ್ಯೆ. ಸಿ++ ಪ್ರಾಜೆಕ್ಟ್ ಫೈಲ್ ಈಗಿನ ರೂಪಕ್ಕೆ ಬಂದದ್ದೂ 2010ರಲ್ಲೇ. ಎರಡನೆಯದು ಈ ಪ್ರಾಜೆಕ್ಟ್ ಫೈಲ್. ಇದೂ ಎರಡರಲ್ಲೂ ತೆರೆಯುತ್ತದೆ. ಯಾವ ಕಂಪೈಲರ್ ಬೇಕು ಎಂದು ಹೇಳುವ ಟೂಲ್‌ಸೆಟ್ ಸಾಲು ಮೂರನೆಯದು. ಅವತ್ತು ಮುರಿದದ್ದು ಅದೊಂದೇ. 2013ರ ಟೂಲ್‌ಸೆಟ್ ವಿ120, 2022ರದ್ದು ವಿ143.

ಹಾಗಾದರೆ ಸಂಪಾದಕ 2022 ಇರಲಿ, ಕಂಪೈಲರ್ 2013ರದ್ದೇ ಇರಲಿ ಎನ್ನಬಹುದಲ್ಲ? ಎನ್ನಬಹುದು. ಒಂದೇ ಯಂತ್ರದಲ್ಲಿ ಎರಡನ್ನೂ ಇನ್‌ಸ್ಟಾಲ್ ಮಾಡಿದರೆ 2022 ತನ್ನೊಳಗಿಂದಲೇ ವಿ120 ಕಂಪೈಲರನ್ನು ಕರೆದು ಬಿಲ್ಡ್ ಮಾಡುತ್ತದೆ. ಆ ಅಪ್‌ಗ್ರೇಡ್ ಡೈಲಾಗ್‌ನಲ್ಲೂ ‘ನೋ ಅಪ್‌ಗ್ರೇಡ್’ ಎಂಬ ಆಯ್ಕೆ ಇರುತ್ತದೆ. ನಮ್ಮಲ್ಲಿ ಯಾರೂ ಆ ಪಟ್ಟಿಯನ್ನು ಕೆಳಗೆಳೆದು ನೋಡಿರಲಿಲ್ಲ.

ಇದು ಮೊದಲ ತಿರುವು. ಸಂಪಾದಕದ ಬದಲಾವಣೆ ಬೇರೆ, ಕಂಪೈಲರ್‌ನ ಬದಲಾವಣೆ ಬೇರೆ ಎಂದು ನಿರ್ಧರಿಸಿದೆವು. ಕಮಿಟ್ ಹಿಂದಕ್ಕೆ ತೆಗೆದೆವು, ಎಲ್ಲ ಯಂತ್ರಗಳಲ್ಲೂ ಎರಡೂ ಆವೃತ್ತಿ ಹಾಕಿದೆವು. ಪ್ರಾಜೆಕ್ಟ್ ಫೈಲ್‌ನಲ್ಲಿ ವಿ120 ಬಿಟ್ಟು ಬೇರೇನಾದರೂ ಕಂಡರೆ ಕಮಿಟ್ ನಿರಾಕರಿಸುವ ಒಂದು ಸಣ್ಣ ಪರೀಕ್ಷೆಯನ್ನು ಸರ್ವರ್‌ನಲ್ಲಿ ಇಟ್ಟೆವು. ಮರುದಿನದಿಂದ ಕೆಲಸ ಎಂದಿನಂತೆ ನಡೆಯಿತು. ಹೊಸಬರು 2022 ಬಿಡಬೇಕಾಗಲಿಲ್ಲ, ಗ್ರಾಹಕರಿಗೆ ಹೋಗುವ ಪ್ರೋಗ್ರಾಂ ಒಂದು ಬೈಟ್‌ನಷ್ಟೂ ಬದಲಾಗಬೇಕಾಗಲಿಲ್ಲ. ಉಸಿರಾಡಲು ಸಮಯ ಸಿಕ್ಕಿತು.

ಪ್ರಯತ್ನಗಳು

ಕಂಪೈಲರ್ ಬದಲಿಸುವ ಕೆಲಸಕ್ಕೆ ಬೇರೆ ಬ್ರಾಂಚ್ (ಕೋಡ್‌ನ ಪ್ರತ್ಯೇಕ ಕವಲು) ಮಾಡಬೇಕೋ, ಒಂದೇ ಕೋಡ್‌ನಿಂದ ಎರಡೂ ಕಂಪೈಲರ್‌ಗಳಲ್ಲಿ ಬಿಲ್ಡ್ ಆಗುವಂತೆ ಮಾಡಬೇಕೋ? ಉದ್ದ ಬಾಳುವ ಬ್ರಾಂಚ್ ಮರ್ಜ್ ಮಾಡುವ ಹೊತ್ತಿಗೆ ಎಷ್ಟು ನೋಯಿಸುತ್ತದೆ ಎಂಬುದು ಅನುಭವದಿಂದ ಗೊತ್ತಿತ್ತು. ಎರಡನೆಯದನ್ನೇ ಆರಿಸಿದೆವು.

ಟೂಲ್‌ಸೆಟ್ ಸಾಲನ್ನು 46 ಕಡೆಯಿಂದ ತೆಗೆದು ಒಂದೇ ಹಂಚಿಕೆಯ ಪ್ರಾಪ್ಸ್ ಫೈಲ್‌ಗೆ (ಬಿಲ್ಡ್ ಸೆಟ್ಟಿಂಗ್‌ಗಳ ಫೈಲ್) ತಂದೆವು. ಅದರಲ್ಲಿ ಒಂದು ಷರತ್ತು: ವಿಷುವಲ್ ಸ್ಟುಡಿಯೊ ಆವೃತ್ತಿ 12.0 ಆದರೆ ವಿ120, 17.0 ಆದರೆ ವಿ143. 2013ರ ಒಳಸಂಖ್ಯೆ 12.0, 2022ರದ್ದು 17.0. ಈ ಫೈಲನ್ನು ಪ್ರಾಜೆಕ್ಟ್‌ನೊಳಗೆ ಎಲ್ಲಿ ಸೇರಿಸುತ್ತೇವೆ ಎನ್ನುವುದು ಮುಖ್ಯ. ಸಿ++ನ ಡೀಫಾಲ್ಟ್ ಪ್ರಾಪ್ಸ್ ಆದ ಮೇಲೆ, ಮುಖ್ಯ ಪ್ರಾಪ್ಸ್‌ಗಿಂತ ಮೊದಲು ಬರಬೇಕು. ಒಂದು ಸಾಲು ಕೆಳಗೆ ಇಟ್ಟರೆ ಟೂಲ್‌ಸೆಟ್ ಆಗಲೇ ತೀರ್ಮಾನವಾಗಿರುತ್ತದೆ, ನಮ್ಮ ಮಾತು ನಡೆಯುವುದಿಲ್ಲ.

ಇಲ್ಲೇ ಒಂದು ದಾರಿ ತಪ್ಪಿತು. ಫೋಲ್ಡರ್‌ನಲ್ಲಿ ‘ಡೈರೆಕ್ಟರಿ ಬಿಲ್ಡ್ ಪ್ರಾಪ್ಸ್’ ಎಂಬ ಹೆಸರಿನ ಫೈಲ್ ಇಟ್ಟರೆ ಬಿಲ್ಡ್ ನಡೆಸುವ ಎಂಎಸ್‌ಬಿಲ್ಡ್ ಎಂಬ ಪ್ರೋಗ್ರಾಂನ ಹೊಸ ಆವೃತ್ತಿ ತಾನಾಗಿಯೇ ಓದಿಕೊಳ್ಳುತ್ತದೆ, ಪ್ರಾಜೆಕ್ಟ್‌ಗಳಲ್ಲಿ ಏನೂ ಸೇರಿಸಬೇಕಾಗಿಲ್ಲ. ಸುಲಭವೆಂದು ಕೆಲವು ಮ್ಯಾಕ್ರೋಗಳನ್ನು (ಕಂಪೈಲ್ ಆಗುವ ಮೊದಲು ಕೋಡ್‌ನಲ್ಲಿ ಬೇರೆ ಪಠ್ಯವಾಗಿ ಬದಲಾಗುವ ಹೆಸರುಗಳು) ಅದರಲ್ಲಿ ಇಟ್ಟೆವು. 2022ರಲ್ಲಿ ಸರಿಯಾಗಿ ನಡೆಯಿತು. ಆದರೆ ಆ ಸೌಲಭ್ಯ ಬಂದದ್ದು ಎಂಎಸ್‌ಬಿಲ್ಡ್ 15ರಿಂದ, ಅಂದರೆ 2017ರ ಆವೃತ್ತಿಯಿಂದ. 2013ರ ಎಂಎಸ್‌ಬಿಲ್ಡ್ 12ಕ್ಕೆ ಆ ಹೆಸರಿಗೆ ವಿಶೇಷ ಅರ್ಥವೇನೂ ಇಲ್ಲ. ಅದು ಎರರ್ ಕೊಡಲಿಲ್ಲ, ಎಚ್ಚರಿಕೆಯನ್ನೂ ಕೊಡಲಿಲ್ಲ, ಫೈಲ್ ಇಲ್ಲವೇ ಇಲ್ಲ ಎಂಬಂತೆ ಮುಂದೆ ಹೋಯಿತು. ಎರಡು ಯಂತ್ರಗಳಲ್ಲಿ ಒಂದೇ ಕೋಡ್ ಬೇರೆಬೇರೆ ಮ್ಯಾಕ್ರೋಗಳೊಂದಿಗೆ ನಾಲ್ಕು ದಿನ ಬಿಲ್ಡ್ ಆಗುತ್ತಿತ್ತು. ಕಂಡುಕೊಂಡ ಮೇಲೆ ಆ ಫೈಲ್ ಅಳಿಸಿ, ಎಲ್ಲವನ್ನೂ ಹೆಸರು ಹೇಳಿ ಸೇರಿಸುವ ಪ್ರಾಪ್ಸ್‌ಗೇ ತಂದೆವು.

ಕೋಡ್‌ನಲ್ಲಿ ಬಂದ ಎರರ್‌ಗಳು ಬಹುಪಾಲು ನೇರವಾಗಿದ್ದವು. ಪಠ್ಯವನ್ನು ಬಫರ್‌ಗೆ ಬರೆಯುವ, ಸ್ಟ್ಯಾಂಡರ್ಡ್‌ನ ಎಸ್‌ಎನ್‌ಪ್ರಿಂಟ್‌ಎಫ್ ಎಂಬ ಫಂಕ್ಷನ್ 2013ರಲ್ಲಿ ಇಲ್ಲದ ಕಾರಣ ಯಾರೋ ಅದನ್ನು ಅಂಡರ್‌ಸ್ಕೋರ್ ಇರುವ ಹಳೆಯ ಫಂಕ್ಷನ್‌ಗೆ ಮ್ಯಾಕ್ರೋ ಮಾಡಿದ್ದರು. 2015ರಿಂದ ಮುಂದೆ ಅಂಥ ಮ್ಯಾಕ್ರೋ ಕಂಡರೆ ಹೆಡರ್ ಫೈಲೇ ಬಿಲ್ಡ್ ನಿಲ್ಲಿಸುತ್ತದೆ. ನಿಲ್ಲಿಸಿದ್ದು ಒಳ್ಳೆಯದೇ ಆಯಿತು, ಏಕೆಂದರೆ ಇವೆರಡೂ ಒಂದೇ ಅಲ್ಲ: ಜಾಗ ಸಾಲದಿದ್ದರೆ ಹಳೆಯದು ಕೊನೆಯ ಶೂನ್ಯ ಬೈಟನ್ನು ಹಾಕದೆ ಬಿಡುತ್ತದೆ, ಹೊಸದು ಹಾಕುತ್ತದೆ. ಕಾನ್ಸ್ಟ್‌ಎಕ್ಸ್‌ಪರ್, ನೋಎಕ್ಸೆಪ್ಟ್ ಎಂಬ ಸಿ++ ಪದಗಳು 2013ಕ್ಕೆ ಗೊತ್ತಿಲ್ಲ. ಎರಡೂ ಕಂಪೈಲರ್ ಜೀವಂತ ಇರುವವರೆಗೆ 2013ಕ್ಕೆ ಅರ್ಥವಾಗುವ ಭಾಷೆಯಲ್ಲೇ ಬರೆಯಬೇಕು ಎಂದು ನಿಯಮ ಮಾಡಿಕೊಂಡೆವು. ಫಂಕ್ಷನ್‌ನೊಳಗಿನ ಸ್ಟ್ಯಾಟಿಕ್ ವೇರಿಯಬಲ್‌ಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕಿತ್ತು. ಎರಡೂ ಕಡೆ ಕಂಪೈಲ್ ಆಗುತ್ತವೆ, ಆದರೆ ಹಲವು ಥ್ರೆಡ್‌ಗಳು ಒಟ್ಟಿಗೆ ಬಂದಾಗ ಅವುಗಳ ಆರಂಭಿಕ ಬೆಲೆ ಒಂದೇ ಸಲ ತುಂಬುತ್ತದೆಂಬ ಭರವಸೆ ಸಿಗುವುದು 2015ರಿಂದ ಈಚೆಗೆ ಮಾತ್ರ.

ಆಮೇಲೆ ಲಿಂಕರ್, ಅಂದರೆ ಕಂಪೈಲ್ ಆದ ತುಂಡುಗಳನ್ನು ಒಂದು ಪ್ರೋಗ್ರಾಂ ಆಗಿ ಜೋಡಿಸುವ ಸಾಧನ. ನಮ್ಮದೇ ಒಂದು ಹಳೆಯ ಲೈಬ್ರರಿಯನ್ನು ಯಾರೋ ಕಟ್ಟಿ, ಬೈನರಿಯನ್ನೇ ರೆಪೊಸಿಟರಿಯಲ್ಲಿ ಇಟ್ಟಿದ್ದರು. ಅದಕ್ಕೆ ಎಲ್‌ಎನ್‌ಕೆ 2038 ಬಂತು: ಕಂಪೈಲರ್ ಆವೃತ್ತಿಯ ಬೆಲೆ 1800, 1900ಕ್ಕೆ ಹೊಂದುವುದಿಲ್ಲ. 1800 ಎಂದರೆ 2013. 2015ರಿಂದ 2022ರವರೆಗಿನ ಟೂಲ್‌ಸೆಟ್‌ಗಳು ಪರಸ್ಪರ ಹೊಂದುವುದರಿಂದ ಈ ತಪಾಸಣೆಯಲ್ಲಿ ಅವೆಲ್ಲಕ್ಕೂ 1900. 2013 ಆ ಗುಂಪಿನಿಂದ ಹೊರಗೆ. ಸೋರ್ಸ್ ಹುಡುಕಿ ತೆಗೆದು ಹೊಸದಾಗಿ ಕಟ್ಟಿದೆವು, ಅರ್ಧ ದಿನದ ಕೆಲಸ.

ಉಪಕರಣ ತಯಾರಕರ ಲೈಬ್ರರಿ ಸಿ ಭಾಷೆಯದಾದ್ದರಿಂದ ಅದರಲ್ಲಿ ಈ 2038ರ ಕಾವಲು ಇರಲಿಲ್ಲ. ಅದು ‘ಐಒಬಿ ಫಂಕ್’ ಎಂಬ ಹೆಸರು ಸಿಗುತ್ತಿಲ್ಲ ಎಂದು ಮಾತ್ರ ಹೇಳಿತು.

ನಾನು ತೆಗೆದುಕೊಂಡ ತಪ್ಪು ನಿರ್ಧಾರ

ಹಳೆಯ ಸಿ ರನ್‌ಟೈಮ್‌ನಲ್ಲಿ (ಪ್ರೋಗ್ರಾಂ ಓಡುವಾಗ ಬೇಕಾಗುವ ಮೂಲ ಫಂಕ್ಷನ್‌ಗಳ ಲೈಬ್ರರಿ), ಇನ್‌ಪುಟ್, ಔಟ್‌ಪುಟ್ ಮತ್ತು ಎರರ್ ಸಂದೇಶಕ್ಕಾಗಿ ಇರುವ ಎಸ್‌ಟಿಡಿಇನ್, ಎಸ್‌ಟಿಡಿಔಟ್, ಎಸ್‌ಟಿಡಿಎರರ್ ಎಂಬ ಮೂರು ಸ್ಟ್ರೀಮ್‌ಗಳು ಒಂದು ಅರೇಯಲ್ಲಿ ಸಾಲಾಗಿ ಇರುತ್ತಿದ್ದವು. ಆ ಅರೇಯ ವಿಳಾಸ ಕೊಡುವುದು ‘ಐಒಬಿ ಫಂಕ್’ ಎಂಬ ಫಂಕ್ಷನ್‌ನ ಕೆಲಸ. 2015ರಲ್ಲಿ ಯೂನಿವರ್ಸಲ್ ಸಿಆರ್‌ಟಿ ಎಂಬ ಹೊಸ ಸಿ ರನ್‌ಟೈಮ್ ಬಂದಾಗ ಒಳಗಿನ ರಚನೆ ಬದಲಾಗಿ ಈ ಫಂಕ್ಷನ್ ಹೋಯಿತು. ಪರಿಹಾರವೆಂದು ಎಲ್ಲೆಡೆ ಓಡಾಡುವ ಒಂದು ತುಣುಕು ಕೋಡ್ ಇದೆ: ಮೂರು ಸ್ಟ್ರೀಮ್‌ಗಳನ್ನು ಒಂದು ಅರೇಯಲ್ಲಿ ಹಾಕಿ, ಅದೇ ಹೆಸರಿನ ಫಂಕ್ಷನನ್ನು ನಾವೇ ಬರೆದು, ಆ ಅರೇಯನ್ನು ಹಿಂದಿರುಗಿಸುವುದು. ಜೊತೆಗೆ ಲೆಗಸಿ ಎಸ್‌ಟಿಡಿಐಒ ಲೈಬ್ರರಿ ಸೇರಿಸುವುದು. ಎರಡನ್ನೂ ಹಾಕಿದೆ. ಲಿಂಕ್ ಆಯಿತು. ಉಪಕರಣ ಜೋಡಿಸಿದೆ, ರೀಡಿಂಗ್ ಬಂತು, ಗ್ರಾಫ್ ಓಡಿತು. ‘ಆಯಿತು’ ಎಂದು ಬರೆದು ಆ ಕೆಲಸ ಮುಚ್ಚಿದೆ.

ಮೂರು ವಾರ ಎಲ್ಲ ಚೆನ್ನಾಗಿತ್ತು. ಪರೀಕ್ಷೆ ಮಾಡುತ್ತಿದ್ದ ಸಹೋದ್ಯೋಗಿಯೊಬ್ಬರು ಒಂದು ದಿನ ಓಡುತ್ತಿದ್ದಾಗಲೇ ಕೇಬಲ್ ಕಿತ್ತರು. ಪ್ರೋಗ್ರಾಂ ಸತ್ತಿತು. ಮತ್ತೆ ಕಿತ್ತರು, ಮತ್ತೆ ಸತ್ತಿತು. 2013ರ ಬಿಲ್ಡ್‌ನಲ್ಲಿ ಹಾಗೇ ಮಾಡಿದರೆ ‘ಸಂಪರ್ಕ ತಪ್ಪಿದೆ’ ಎಂಬ ಸಂದೇಶ ಬರುತ್ತಿತ್ತು.

ಸಂಪರ್ಕ ತಪ್ಪಿದಾಗ ಆ ಲೈಬ್ರರಿ ಎಸ್‌ಟಿಡಿಎರರ್‌ಗೆ ಒಂದು ಸಾಲು ಬರೆಯುತ್ತಿತ್ತು. ನಮ್ಮದು ಕನ್ಸೋಲ್ ಇಲ್ಲದ ಪ್ರೋಗ್ರಾಂ, ಹಾಗಾಗಿ ಆ ಸಾಲನ್ನು ಯಾರೂ ಎಂದೂ ನೋಡಿರಲಿಲ್ಲ. ಎಸ್‌ಟಿಡಿಎರರ್ ಆ ಅರೇಯಲ್ಲಿ ಮೂರನೆಯದು. ಲೈಬ್ರರಿ ಕಟ್ಟಿದ ಕಾಲದಲ್ಲಿ 32 ಬಿಟ್‌ನಲ್ಲಿ ಒಂದೊಂದು ಸ್ಟ್ರೀಮ್ ರಚನೆಯೂ 32 ಬೈಟ್, ಆದ್ದರಿಂದ ಅದು ಅರೇಯ ಆರಂಭದಿಂದ 64 ಬೈಟ್ ದಾಟಿ ಹೋಗಿ ಹುಡುಕುತ್ತದೆ. ಹೊಸ ರನ್‌ಟೈಮ್‌ನಲ್ಲಿ ಹೊರಗೆ ಕಾಣುವ ಆ ರಚನೆ ಬರೀ ಒಂದು ಪಾಯಿಂಟರ್, 4 ಬೈಟ್. ನಾನು ಕೊಟ್ಟ ಅರೇಯ ಒಟ್ಟು ಉದ್ದವೇ 12 ಬೈಟ್. ಲೈಬ್ರರಿ ಅರೇಯಿಂದ ಆಚೆ ಎಲ್ಲೋ ಇರುವ ನೆನಪಿನ ತುಂಡನ್ನು ಸ್ಟ್ರೀಮ್ ಎಂದುಕೊಂಡು ಅದಕ್ಕೆ ಬರೆಯಲು ಹೋಗುತ್ತಿತ್ತು.

ಡೀಬಗರ್‌ನಲ್ಲಿ ಆ 64 ಎಂಬ ಅಂಕೆ ಕಂಡಾಗ ನನಗೆ ನಿಜಕ್ಕೂ ಭಯವಾಯಿತು. ಇದು ಬಿಡುಗಡೆಯಾಗಿದ್ದರೆ, ಕೇಬಲ್ ಸಡಿಲವಾದಾಗಲೆಲ್ಲ ಗ್ರಾಹಕರು ಅಲ್ಲಿಯವರೆಗಿನ ಅಳತೆಗಳನ್ನು ಕಳೆದುಕೊಳ್ಳುತ್ತಿದ್ದರು. ಹೊಂದಾಣಿಕೆ ಇಲ್ಲ ಎಂದು ಲಿಂಕರ್ ನೇರವಾಗಿ ಹೇಳಿತ್ತು. ನಾನು ಅದರ ಬಾಯಿ ಮುಚ್ಚಿಸಿದ್ದೆ, ಹೊಂದಾಣಿಕೆ ತಂದಿರಲಿಲ್ಲ.

ಆ ತುಣುಕು ತೆಗೆದು ಹಾಕಿದೆವು. ಬದಲಿಗೆ ಒಂದು ಪುಟ್ಟ ಡಿಎಲ್‌ಎಲ್ (ಪ್ರೋಗ್ರಾಂ ಓಡುವಾಗ ಕರೆಯುವ ಪ್ರತ್ಯೇಕ ಲೈಬ್ರರಿ ಫೈಲ್) ಬರೆದೆವು. ಅದನ್ನು ಕಟ್ಟುವುದು ವಿ120ರಲ್ಲೇ, ತಯಾರಕರ ಲೈಬ್ರರಿ ಅದರೊಳಗೇ ಇರುತ್ತದೆ. ಹೊರಗೆ ಕಾಣುವುದು 11 ಸಿ ಫಂಕ್ಷನ್‌ಗಳು. ಅವುಗಳಲ್ಲಿ ಪೂರ್ಣಾಂಕ, ಡಬಲ್ ಮತ್ತು ಕರೆಯುವವರೇ ಕೊಡುವ ಬಫರ್ ಬಿಟ್ಟರೆ ಬೇರೇನೂ ದಾಟುವುದಿಲ್ಲ. ಸ್ಟ್ರಿಂಗ್ ಕ್ಲಾಸ್ ಇಲ್ಲ, ಫೈಲ್ ಪಾಯಿಂಟರ್ ಇಲ್ಲ. ಒಂದು ಕಡೆ ಪಡೆದ ಮೆಮೊರಿಯನ್ನು ಇನ್ನೊಂದು ಕಡೆ ಬಿಡುಗಡೆ ಮಾಡುವಂತೆಯೂ ಇಲ್ಲ, ಏಕೆಂದರೆ ಎರಡು ರನ್‌ಟೈಮ್‌ಗಳು ಮೆಮೊರಿಯನ್ನು ಒಂದೇ ರೀತಿ ನಿರ್ವಹಿಸುತ್ತವೆಂಬ ಭರವಸೆ ಇಲ್ಲ. ಹೀಗೆ ಗಡಿ ಹಾಕಿದ ಮೇಲೆ ಒಂದೇ ಪ್ರೋಗ್ರಾಂನೊಳಗೆ ಎರಡೂ ರನ್‌ಟೈಮ್‌ಗಳು ಜಗಳವಿಲ್ಲದೆ ಇರುತ್ತವೆ. ಇನ್‌ಸ್ಟಾಲರ್‌ನಲ್ಲಿ ಮಾತ್ರ 2013ರ ರೀಡಿಸ್ಟ್ರಿಬ್ಯೂಟಬಲ್ (ಗ್ರಾಹಕರ ಯಂತ್ರಕ್ಕೆ ರನ್‌ಟೈಮ್ ಹಾಕುವ ಪ್ಯಾಕೇಜ್) ಮತ್ತು 2015–2022ರದ್ದು, ಎರಡನ್ನೂ ಕೊಡಬೇಕು. ಮೊದಲ ಸಲ ಹಳೆಯದನ್ನು ಬಿಟ್ಟಿದ್ದೆವು. ನಮ್ಮೆಲ್ಲರ ಯಂತ್ರಗಳಲ್ಲೂ 2013 ಇದ್ದದ್ದರಿಂದ ಅದು ಕಾಣಲೇ ಇಲ್ಲ, ಏನೂ ಹಾಕಿರದ ಹೊಸ ಯಂತ್ರದಲ್ಲಿ ಕಂಡಿತು.

ಎಲ್ಲ ಹಸಿರಾದ ಮೇಲೆ

ಇನ್ನು ಬಿಡುಗಡೆ ಮಾಡಬಹುದು ಎಂಬ ಸ್ಥಿತಿ ಬಂತು. ಆಗ ಆ ಹೊಸಬರು, ಅಂದರೆ ಓಕೆ ಒತ್ತಿದ್ದವರು, ಕೇಳಿದರು: “ಸರ್, ಎರಡೂ ಬಿಲ್ಡ್‌ಗೆ ಒಂದೇ ಇನ್‌ಪುಟ್ ಕೊಟ್ಟು, ಬರೋ ಫೈಲ್ ಹೋಲಿಸಿ ನೋಡಿದೀವಾ?” ನೋಡಿರಲಿಲ್ಲ. ಅವತ್ತೇ ರೆಕಾರ್ಡ್ ಮಾಡಿದ್ದ ಹಳೆಯ ರೀಡಿಂಗ್‌ಗಳನ್ನು ಎರಡಕ್ಕೂ ಕೊಟ್ಟೆವು.

ಒಂದು ಸಾಲೂ ಹೊಂದಲಿಲ್ಲ.

ಹಳೆಯ ಬಿಲ್ಡ್ 4.567890ಇ+001 ಎಂದು ಬರೆದ ಕಡೆ ಹೊಸದು 4.567890ಇ+01 ಎಂದು ಬರೆದಿತ್ತು. ಘಾತಾಂಕಕ್ಕೆ (‘ಇ’ ಆದ ಮೇಲೆ ಬರುವ ಹತ್ತರ ಘಾತಕ್ಕೆ) ಹಳೆಯ ರನ್‌ಟೈಮ್ ಕನಿಷ್ಠ ಮೂರು ಅಂಕೆ ಬರೆಯುತ್ತಿತ್ತು, 2015ರಿಂದ ಅದು ಸಿ ಸ್ಟ್ಯಾಂಡರ್ಡ್ ಹೇಳುವಂತೆ ಎರಡು. ಗಣಿತದಲ್ಲಿ ಏನೂ ವ್ಯತ್ಯಾಸವಿಲ್ಲ. ಆದರೆ ನಮ್ಮ ಫೈಲನ್ನು ಓದುವ ಗ್ರಾಹಕರ ಒಂದು ಪ್ರೋಗ್ರಾಂ ಅಂಕಣಗಳನ್ನು ಅಕ್ಷರ ಎಣಿಸಿ ಕತ್ತರಿಸುತ್ತದೆ: ಮೊದಲ 13 ಅಕ್ಷರ ಸಮಯ, ಒಂದು ಖಾಲಿ ಜಾಗ, 15ರಿಂದ ಅಳತೆ. ಅದೇ ರೂಪದಲ್ಲಿ ಬರೆಯುವ ಸಮಯವೂ ಒಂದು ಅಕ್ಷರ ಕುಗ್ಗಿದ್ದರಿಂದ ಅಳತೆ 14ರಲ್ಲೇ ಶುರುವಾಗುತ್ತದೆ, ಕತ್ತರಿ ಅದರ ಮೊದಲ ಅಂಕೆಯನ್ನು ಬಿಟ್ಟು ಬೀಳುತ್ತದೆ. ಉಳಿಯುವುದು .567890ಇ+01. ಅದೂ ಒಂದು ಸರಿಯಾದ ಸಂಖ್ಯೆಯೇ. 45.6789 ಎಂಬ ಅಳತೆ 5.6789 ಆಗಿ ಒಳಗೆ ಹೋಗುತ್ತದೆ, ಯಾವ ಎರರ್ ಕೂಡ ಬರುವುದಿಲ್ಲ.

ಇನ್ನೊಂದೂ ಸಿಕ್ಕಿತು. ಸೆನ್ಸರ್ ಕೈಕೊಟ್ಟಾಗ ಬರುವ ಅರ್ಥವಿಲ್ಲದ ಬೆಲೆಗೆ ಹಳೆಯ ರನ್‌ಟೈಮ್ -1.#ಐಎನ್‌ಡಿ ಎಂದು ಬರೆಯುತ್ತಿತ್ತು, ಹೊಸದು -ನ್ಯಾನ್(ಐಎನ್‌ಡಿ) ಎಂದು ಬರೆಯುತ್ತದೆ. ಕೆಟ್ಟ ರೀಡಿಂಗ್‌ಗಳನ್ನು ಎಣಿಸುವ ನಮ್ಮದೇ ಸ್ಕ್ರಿಪ್ಟ್ ‘#’ ಗುರುತನ್ನು ಹುಡುಕುತ್ತಿತ್ತು. ಹೊಸ ಬಿಲ್ಡ್‌ನ ಫೈಲ್ ಕೊಟ್ಟರೆ ಅದರ ಲೆಕ್ಕದಲ್ಲಿ ಎಲ್ಲ ಸೆನ್ಸರ್‌ಗಳೂ ಸದಾ ಆರೋಗ್ಯವಾಗಿದ್ದವು.

ಫೈಲ್‌ನ ರೂಪ ಬದಲಿಸಿ ಗ್ರಾಹಕರಿಗೆ ತಿಳಿಸೋಣ ಎಂದು ಒಬ್ಬರು, ಹಳೆಯ ರೂಪವನ್ನೇ ಉಳಿಸೋಣ ಎಂದು ಇನ್ನೊಬ್ಬರು. ನಾವು ಹಳೆಯದನ್ನು ಉಳಿಸಿದೆವು. ಆ ಫೈಲನ್ನು ಯಾರ್ಯಾರು, ಯಾವ ಪ್ರೋಗ್ರಾಂನಲ್ಲಿ ಓದುತ್ತಾರೆ ಎಂಬ ಪಟ್ಟಿ ನಮ್ಮಲ್ಲಿ ಇರಲಿಲ್ಲ. ಪಟ್ಟಿ ಇಲ್ಲದ ಮೇಲೆ ಯಾರಿಗೆಂದು ತಿಳಿಸುವುದು? ಸಂಖ್ಯೆ ಬರೆಯುವ ಕೆಲಸವನ್ನೆಲ್ಲ ಒಂದೇ ಫಂಕ್ಷನ್‌ಗೆ ತಂದು, ಮೂರು ಅಂಕೆಯ ಘಾತಾಂಕ ಮತ್ತು ಹಳೆಯ ಗುರುತುಗಳನ್ನು ಅಲ್ಲಿ ಕೈಯಾರೆ ಬರೆದೆವು. ಎರಡೂ ಬಿಲ್ಡ್‌ಗಳ ಫೈಲ್‌ಗಳು ಬೈಟ್‌ಗೆ ಬೈಟ್ ಹೊಂದಿದ ದಿನ ವಿ143ಕ್ಕೆ ಹಸಿರು ನಿಶಾನೆ ಕೊಟ್ಟೆವು.

ಮತ್ತೊಮ್ಮೆ ಮಾಡಬೇಕಾದರೆ

ಮೊದಲ ದಿನವೇ ಆ ಹೋಲಿಕೆಯ ಪರೀಕ್ಷೆ ಕಟ್ಟುತ್ತೇನೆ, ಟೂಲ್‌ಸೆಟ್ ಸಾಲು ಮುಟ್ಟುವ ಮೊದಲೇ. ನಮ್ಮ ಏಳು ತಿಂಗಳಲ್ಲಿ ಕೂಗಿ ಹೇಳಿದ ದೋಷಗಳೆಲ್ಲ, ಅಂದರೆ 8020, 2038, ಎಸ್‌ಎನ್‌ಪ್ರಿಂಟ್‌ಎಫ್, ಒಟ್ಟು ಸೇರಿ ಎರಡು ವಾರ ತಿಂದವು. ಉಳಿದ ಸಮಯವನ್ನೆಲ್ಲ ತಿಂದದ್ದು ಸದ್ದಿಲ್ಲದವು: ಓದದೆ ಬಿಟ್ಟ ಪ್ರಾಪ್ಸ್ ಫೈಲ್, 64 ಬೈಟ್ ಆಚೆಯ ಸ್ಟ್ರೀಮ್, ಒಂದು ಅಂಕೆ ಕುಗ್ಗಿದ ಘಾತಾಂಕ. ‘ಹೊಸ ಆವೃತ್ತಿಯಲ್ಲಿ ನಮ್ಮ ಪ್ರಾಜೆಕ್ಟ್ ನಡೆಯುತ್ತಾ?’ ಎಂದು ಯಾರಾದರೂ ಈಗ ಕೇಳಿದರೆ ನಾನು ತಿರುಗಿ ಕೇಳುವುದು ಇಷ್ಟು: ತೆರೆಯುವುದರ ಬಗ್ಗೆ ಕೇಳುತ್ತಿದ್ದೀರೋ, ಬಿಲ್ಡ್ ಆಗುವುದರ ಬಗ್ಗೆಯೋ, ಲಿಂಕ್ ಬಗ್ಗೆಯೋ, ಅಥವಾ ನಿನ್ನೆ ಕೊಟ್ಟ ಉತ್ತರವನ್ನೇ ಇವತ್ತೂ ಕೊಡುವುದರ ಬಗ್ಗೆಯೋ? ನಾಲ್ಕಕ್ಕೂ ಬೇರೆಬೇರೆ ಪರೀಕ್ಷೆ ಬೇಕು. ನಾವು ನಾಲ್ಕನೆಯದನ್ನು ಕೊನೆಗೆ ಮಾಡಿದೆವು, ಅದೂ ಒಬ್ಬರು ಕೇಳಿದ್ದರಿಂದ.

ಸೋರ್ಸ್ ಇಲ್ಲದ ಲೈಬ್ರರಿಗಳನ್ನೂ ಮೊದಲೇ ಪಟ್ಟಿ ಮಾಡುತ್ತೇನೆ. ಪ್ರತಿಯೊಂದನ್ನೂ ಯಾವ ಕಂಪೈಲರ್ ಕಟ್ಟಿದ್ದು, ಯಾವ ರನ್‌ಟೈಮ್ ಬೇಡುತ್ತದೆ ಎಂದು ಬರೆದಿಟ್ಟುಕೊಂಡರೆ ಅಪ್‌ಗ್ರೇಡ್‌ನ ನಿಜವಾದ ಅಳತೆ ಅಂದೇ ಸಿಗುತ್ತದೆ. ನಮ್ಮ 23 ಪ್ರಾಜೆಕ್ಟ್‌ಗಳಲ್ಲಿ 22 ಈಗ ವಿ143. ಆ ಪುಟ್ಟ ಡಿಎಲ್‌ಎಲ್ 24ನೆಯ ಪ್ರಾಜೆಕ್ಟ್ ಆಗಿ ಸೇರಿದೆ, ಅದು ವಿ120ರಲ್ಲೇ ಉಳಿಯುತ್ತದೆ. ಹಳೆಯ 23ರಲ್ಲಿ ಒಂದು ಯಾರೂ ಬಳಸದ ಪ್ರಾಜೆಕ್ಟ್ ಎಂದು ಈ ಕೆಲಸದ ನಡುವೆ ಗೊತ್ತಾಗಿ ಅಳಿಸಿದೆವು.

2013 ಇರುವ ಒಂದು ವರ್ಚುವಲ್ ಮಷೀನ್ ಇಮೇಜ್ ಮಾಡಿ ತೆಗೆದಿಟ್ಟಿದ್ದೇವೆ. ಪ್ರತಿ ಬಿಡುಗಡೆಗೆ ಮುಂಚೆ ಅದನ್ನು ಎಬ್ಬಿಸಿ ಡಿಎಲ್‌ಎಲ್ ಕಟ್ಟುತ್ತೇವೆ. ಆಮೇಲೆ ಉಪಕರಣ ಜೋಡಿಸಿ, ರೀಡಿಂಗ್ ಓಡುತ್ತಿರುವಾಗ ಕೇಬಲ್ ಕೀಳುತ್ತೇವೆ. ಈ ಪರೀಕ್ಷೆಯನ್ನು ಬರೆದು ಪಟ್ಟಿಗೆ ಸೇರಿಸಿದವರು ಆ ಹೊಸಬರೇ. ಈಗ ಬಿಲ್ಡ್‌ನ ಹೊಣೆಯೂ ಅವರದೇ.